ಕಪ್ತಾನ ಸೈಲಸ್ ಸೋಲನ ಚರಿತ್ರೆ

ಸಿಪಾಯಿಯಾದವನು ಮೇಲಧಿಕಾರಿಯ ಅಪ್ಪಣೆಗೆ ಒಳಪಡತಕ್ಕವನೆಂಬದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಅಪ್ಪಣೆಯು ನಿರಪರಾಧಿಗಳ ರಕ್ತವನ್ನು ಸುರಿಸಬೇಕೆಂಬದಾದರೆ ಅವನು ಮಾಡತಕ್ಕದ್ದೇನು? ಈ ಪ್ರಶ್ನೆಯು ಅಮೆರಿಕಾ ದೇಶದ ಕುದುರೆ ದಂಡಿನಲ್ಲಿ ಕಪ್ತಾನನಾಗಿದ್ದ ಸೈಲಸ್ ಸೋಲ್ ಎಂಬವನಿಗೆ 1864ನೆಯ ಇಸವಿಯಲ್ಲಿ ಬಂದೊದಗಿತು. ಅವನು ಕೊಟ್ಟ ಉತ್ತರವನ್ನೂ ಅದಕ್ಕಾಗಿ ತೆತ್ತ ಬೆಲೆಯನ್ನೂ ಪ್ರಿಯ ವಾಚಕರು ಈ ಚರಿತ್ರೆಯಿಂದ ತಿಳಿಯಬಹುದು.

ಸೋಲನು 1838ರಲ್ಲಿ ಮೇನ್ ಸಂಸ್ಥಾನದ ಬಾಥ್ ಎಂಬ ಊರಿನಲ್ಲಿ ಹುಟ್ಟಿದನು. ಆ ಕಾಲದಲ್ಲಿ ಅಮೆರಿಕಾದ ದಕ್ಷಿಣ ಸೀಮೆಗಳಲ್ಲಿ ಆಫ್ರಿಕ ಕುಲದ ಜನರನ್ನು ದನಗಳಂತೆ ಕೊಂಡು ಮಾರುವ ಗುಲಾಮ ಪದ್ಧತಿಯಿತ್ತು. ಇವನ ತಂದೆಯಾದ ಅಮಾಸನು ಆ ಪದ್ಧತಿಯನ್ನು ಹಗೆಮಾಡುವವನಾಗಿದ್ದು, ಕಾನ್ಸಸ್ ಸೀಮೆಯು ಅದಕ್ಕೆ ಒಳಗಾಗಬಾರದೆಂದು ತನ್ನ ಮನೆಯವರೊಂದಿಗೆ ಅಲ್ಲಿಗೆ ಹೋಗಿ ನೆಲಸಿದನು. ತಪ್ಪಿಸಿಕೊಂಡು ಬಂದ ಗುಲಾಮರಿಗೆ ಅವರ ಮನೆಯು ಆಶ್ರಯವಾಯಿತು. ಹೀಗೆ ಓಡಿಬಂದವರಿಗೆ ಸಹಾಯಮಾಡಿದ ಜಾನ್ ಡಾಯ್ ಎಂಬ ವೈದ್ಯನು 1859ರಲ್ಲಿ ಮಿಸ್ಸೂರಿಯ ಸೆರೆಮನೆಯಲ್ಲಿ ಹಾಕಲ್ಪಟ್ಟಾಗ, ಹತ್ತು ಮಂದಿ ರಾತ್ರಿಯಲ್ಲಿ ಹೋಗಿ ಅವನನ್ನು ಬಿಡಿಸಿ ತಂದರು. ಯೌವನಸ್ಥನಾದ ಸೋಲನು ಅವರಲ್ಲಿ ಒಬ್ಬನು.

ಬಳಿಕ ಇವನು ಚಿನ್ನವನ್ನು ಹುಡುಕುವದಕ್ಕಾಗಿ ಕೊಲರಾಡೊ ಸೀಮೆಗೆ ಹೋದನು. 1861ರಲ್ಲಿ ಉತ್ತರ ದಕ್ಷಿಣ ಸೀಮೆಗಳೊಳಗೆ ಯುದ್ಧವು ಹುಟ್ಟಲು, ಉತ್ತರದವರ ದಂಡಿಗೆ ಸೇರಿದನು. ಅಲ್ಲಿ ಜಾನ್ ಚಿವಿಂಗ್ಟನ್ ಎಂಬವನು ಇವನಿಗೆ ಮೇಲಧಿಕಾರಿಯಾದನು. ಈ ಚಿವಿಂಗ್ಟನನು ಮೆಥೊಡಿಸ್ಟ್ ಸಭೆಯ ಬೋಧಕನು. 1862ರಲ್ಲಿ ಗ್ಲೋರಿಯೆಟಾ ಕಣಿವೆಯ ಯುದ್ಧದಲ್ಲಿ ಹೆಸರುಗೊಂಡವನು. ಸೋಲನಾದರೋ ನಗೆಮಾತಿನವನೂ ಚೇಷ್ಟೆಗಾರನೂ ಆಗಿದ್ದನು. ಇವರಿಬ್ಬರನ್ನು ನೋಡಿದವರು ಧರ್ಮಿಷ್ಠನು ಯಾರೆಂದು ಸುಲಭವಾಗಿ ಹೇಳುತ್ತಿದ್ದರು. ಆದರೆ ಹೊರಗಣ ತೋರಿಕೆಯು ಯಾವಾಗಲೂ ನಿಜವಲ್ಲ.

ಕೊಲರಾಡೊದ ಬೈಲುಗಳು ಶೈಯನ್, ಅರಾಪಹೋ ಎಂಬ ಮೂಲನಿವಾಸಿಗಳ ನೆಲವಾಗಿದ್ದವು. ಬಿಳಿಯರು ಬಂದು ನೆಲವನ್ನು ಆಕ್ರಮಿಸಿದ್ದರಿಂದ 1864ರಲ್ಲಿ ಎರಡು ಕಡೆಗಳಲ್ಲಿಯೂ ಕೊಲೆಗಳಾದವು. ಆಗ ಬ್ಲ್ಯಾಕ್ ಕೆಟ್ಟಲ್ ಎಂಬ ಶೈಯನ್ ಮುಖಂಡನು ಸಮಾಧಾನವನ್ನು ಬೇಡಿದನು. ಮೇಜರ್ ವಿಂಕೂಪನು ಸೋಲನನ್ನೂ ಕರಕೊಂಡು ಹೋಗಿ ಮುಖಂಡರೊಡನೆ ಮಾತಾಡಿದನು. ಸೆಪ್ಟೆಂಬರಿನಲ್ಲಿ ಅವರು ಡೆನ್ವರಿಗೆ ಬಂದು ಗವರ್ನರನನ್ನು ಕಂಡರು. ಲಾಯನ್ ಕೋಟೆಯ ಸಮೀಪದಲ್ಲಿದ್ದರೆ ತಮಗೆ ಕೇಡಾಗದೆಂದು ನಂಬಿ, ಸುಮಾರು 750 ಜನರು ಸ್ಯಾಂಡ್ ಕ್ರೀಕ್ ಎಂಬ ಹಳ್ಳದ ದಡದಲ್ಲಿ ಡೇರೆ ಹಾಕಿದರು.

ನವೆಂಬರ್ 28ರಲ್ಲಿ ಚಿವಿಂಗ್ಟನನು ದಂಡು ಸಹಿತವಾಗಿ ಕೋಟೆಗೆ ಬಂದನು. ಅವನ ಉದ್ದೇಶವನ್ನು ತಿಳಿದ ಸೋಲನು, ಮಾತು ಕೊಟ್ಟವರನ್ನು ಕೊಲ್ಲುವದು ಕೊಲೆಪಾತಕವೇ ಎಂದು ಅಧಿಕಾರಿಗಳ ಮುಂದೆ ಧೈರ್ಯವಾಗಿ ಹೇಳಿದನು. ಅದಕ್ಕಾಗಿ ಬೆದರಿಕೆಗೂ ಗುರಿಯಾದನು. ಮರುದಿನ ಬೆಳಗಾಗುವಾಗ ಸುಮಾರು 700 ಸಿಪಾಯಿಗಳು ತೋಪುಗಳೊಡನೆ ಪಾಳೆಯದ ಮೇಲೆ ಬಿದ್ದರು. ಬ್ಲ್ಯಾಕ್ ಕೆಟ್ಟಲನು ಅಮೆರಿಕಾದ ಧ್ವಜವನ್ನೂ ಬಿಳೀ ಧ್ವಜವನ್ನೂ ಎತ್ತಿಸಿದ್ದು ವ್ಯರ್ಥವಾಯಿತು. 150ಕ್ಕಿಂತ ಹೆಚ್ಚು ಜನರು ಸತ್ತರು. ಅವರಲ್ಲಿ ಬಹುಮಂದಿ ಸ್ತ್ರೀಯರು, ಮಕ್ಕಳು, ಮುದುಕರು. ಸತ್ತವರ ದೇಹಗಳನ್ನು ಸಹ ಸಿಪಾಯಿಗಳು ಕೊಯ್ದು ಅವಮಾನಪಡಿಸಿದರು. ಸೋಲನು ತನ್ನ ತುಕಡಿಗೆ ಗುಂಡು ಹಾರಿಸಲು ಅಪ್ಪಣೆಕೊಡದೆ ಅವರನ್ನು ತಡೆದು ನಿಲ್ಲಿಸಿದನು. ಲೆಫ್ಟೆನಂಟ್ ಜೋಸೆಫ್ ಕ್ರೇಮರನೂ ಹಾಗೆಯೇ ಮಾಡಿದನು.

ಡೆನ್ವರಿನ ಜನರು ಇದನ್ನು ದೊಡ್ಡ ಜಯವೆಂದು ಕೊಂಡಾಡಿದರು. ತನ್ನ ಕೈಗೆ ರಕ್ತವು ಅಂಟಲಿಲ್ಲವೆಂದು ಸೋಲನು ಸುಮ್ಮನಿದ್ದಿದ್ದರೆ ಅವನಿಗೆ ಯಾವ ಅಪಾಯವೂ ಬರುತ್ತಿರಲಿಲ್ಲ. ಆದರೆ ಅವನು ಡಿಸೆಂಬರ್ 14ರಲ್ಲಿ ವಿಂಕೂಪನಿಗೆ ಪತ್ರ ಬರೆದು ಕಂಡದ್ದನ್ನೆಲ್ಲಾ ತಿಳಿಸಿದನು. 1865ನೆಯ ಫೆಬ್ರವರಿಯಲ್ಲಿ ವಿಚಾರಣೆ ನಡೆದಾಗ ಪ್ರಮಾಣಪೂರ್ವಕವಾಗಿ ಸಾಕ್ಷಿ ಹೇಳಿದನು. ಚಿವಿಂಗ್ಟನನು ತಾನೇ ಪಾಟೀ ಸವಾಲು ಮಾಡಿದರೂ ಕದಲಲಿಲ್ಲ. ಏಪ್ರಿಲ್ 1ರಲ್ಲಿ ಅವನಿಗೆ ಮದುವೆಯಾಯಿತು. ಅದೇ ತಿಂಗಳು 23ರ ರಾತ್ರಿ ಡೆನ್ವರಿನ ಬೀದಿಯಲ್ಲಿ ಗುಂಡಿನ ಶಬ್ದ ಕೇಳಿ, ಕಾವಲಿನ ಅಧಿಕಾರಿಯಾದ ಕಾರಣ ನೋಡಹೋದ ಸೋಲನನ್ನು ಚಾರ್ಲ್ಸ್ ಸ್ಕ್ವಾಯರ್ ಎಂಬ ಸಿಪಾಯಿಯು ಸುಟ್ಟು ಕೊಂದನು. ಆಗ ಸೋಲನಿಗೆ 26 ವರುಷ ಪ್ರಾಯ. ಸಾಕ್ಷಿ ಹೇಳಿದ್ದಕ್ಕಾಗಿಯೇ ಅವನು ಕೊಲ್ಲಲ್ಪಟ್ಟನೆಂದು ಬಹುಮಂದಿ ನಂಬಿದರು. ಕೊಂದವನು ತಪ್ಪಿಸಿಕೊಂಡು ಹೋದನು, ಚಿವಿಂಗ್ಟನನಿಗೂ ಶಿಕ್ಷೆಯಾಗಲಿಲ್ಲ.

ಆದರೂ ಸತ್ಯವು ಸೋಲನೊಂದಿಗೆ ಹೂಣಲ್ಪಡಲಿಲ್ಲ. ಅಮೆರಿಕಾದ ಕಾಂಗ್ರೆಸ್ ಸಭೆಯ ವಿಚಾರಕರು ಆ ಕೃತ್ಯವನ್ನು ಖಂಡಿಸಿದರು. ಗವರ್ನರನು ಪದವಿಯನ್ನು ಬಿಡಬೇಕಾಯಿತು. 1996ರಲ್ಲಿ ಮೆಥೊಡಿಸ್ಟ್ ಸಭೆಯು ತನ್ನ ಬೋಧಕನು ಮಾಡಿದ ಪಾಪಕ್ಕಾಗಿ ಕ್ಷಮೆ ಬೇಡಿತು. ಕಳೆದುಹೋಗಿದ್ದ ಸೋಲನ ಪತ್ರವು 2000ದಲ್ಲಿ ತಿರಿಗಿ ಸಿಕ್ಕಿತು. ಸ್ಯಾಂಡ್ ಕ್ರೀಕಿನ ಸ್ಥಳವನ್ನು ರಾಷ್ಟ್ರದ ಸ್ಮಾರಕವಾಗಿ ಕಾಯಬೇಕೆಂಬ ಕಾಯಿದೆಯು ಅದೇ ವರುಷ ಆಯಿತು. ಶೈಯನ್, ಅರಾಪಹೋ ಜನರು ತಮ್ಮ ಸತ್ತವರ ಜ್ಞಾಪಕಾರ್ಥವಾಗಿ ಡೆನ್ವರಿಗೆ ಬಂದಾಗ ಈ ಬಿಳಿಯನ ಸಮಾಧಿಯ ಬಳಿಯಲ್ಲಿಯೂ ನಿಂತು ಗೌರವ ಸಲ್ಲಿಸಿದ್ದಾರೆ.

ಕೆಟ್ಟದ್ದಕ್ಕೆ ಕೈಹಾಕದೆ ಇರುವದು ಒಳ್ಳೇದೇ. ಆದರೆ ನಮ್ಮವರೇ ತಪ್ಪುಮಾಡಿದಾಗ, ಅವರು ದೊಡ್ಡವರಾಗಿದ್ದರೂ ಬೋಧಕರಾಗಿದ್ದರೂ, ಕಂಡ ಸತ್ಯವನ್ನು ಬಾಯಿಬಿಟ್ಟು ಹೇಳುವದು ಅದಕ್ಕಿಂತ ಕಷ್ಟ. ನಗೆಗಾರನಾದ ಈ ರಾವುತನು ಎರಡನ್ನೂ ಮಾಡಿದನು.