ಕಲ್ಲಿನ ಹಿಂದೆ ಊರಿದ ಕೊಡಲಿ

ಒಬ್ಬ ಬಂಡೆ ಹತ್ತುವಾಗ ಇನ್ನೊಬ್ಬ ಅವನ ಹಗ್ಗ ಹಿಡಿದು, ಜಾರಿದರೆ ತಡೆಯೋದಕ್ಕೆ ಬಿಲೇ ಅಂತಾರೆ. ಹಗ್ಗ ಹಿಡಿದವನು ತನ್ನನ್ನೂ ಎಲ್ಲಾದರೂ ಕಟ್ಟಿಕೊಳ್ಳಬೇಕಾ, ಬೇಡವಾ? ಸಮತಟ್ಟು ನೆಲದಲ್ಲಿ ನಿಂತಿದ್ದರೆ ಬೇಡ ಅನ್ನುವವರು ತುಂಬಾ ಜನ. ಅವನು ಸ್ವಲ್ಪ ಮೇಲೆದ್ದರೆ ಬಿದ್ದವನಿಗೆ ಎಳೆತ ಮೆತ್ತಗಾಗುತ್ತೆ. ಆದರೆ ಕಾಲ ಕೆಳಗೆ ನೆಲವೇ ಇಲ್ಲದಿದ್ದರೆ? ಅದಕ್ಕೆ ಪೀಟ್ ಶೋನಿಂಗ್ ಕಥೆ ಗೊತ್ತಿರಬೇಕು.

ಹುಟ್ಟಿದ್ದು 1927ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್, ಅಂದರೆ ನಮ್ಮವನೇ! 1953ರಲ್ಲಿ ಚಾರ್ಲ್ಸ್ ಹ್ಯೂಸ್ಟನ್ ನಾಯಕತ್ವದ ತಂಡದ ಜೊತೆ ಕೆ2 ಹತ್ತಲು ಹೋದಾಗ ವಯಸ್ಸು 26.

ಮೇಲೆ ದಿನಗಟ್ಟಲೆ ಬಿರುಗಾಳಿ. ಆರ್ಟ್ ಗಿಲ್ಕಿ ಎಂಬ ಜೊತೆಗಾರನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ನಡೆಯೋಕೆ ಆಗದವನನ್ನು ಆ ಎತ್ತರದಿಂದ ಇಳಿಸೋದು ಹೆಚ್ಚುಕಡಿಮೆ ಅಸಾಧ್ಯ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಬಿಟ್ಟು ಬರಲಿಲ್ಲ. ಆಗಸ್ಟ್ 10ರಂದು ಅವನನ್ನು ಸ್ಲೀಪಿಂಗ್ ಬ್ಯಾಗ್‌ನಲ್ಲಿ ಸುತ್ತಿ, ಹಗ್ಗ ಕಟ್ಟಿ ಇಳಿಸತೊಡಗಿದರು. ಮೇಲೆ ಹಗ್ಗ ಹಿಡಿದವನು ಶೋನಿಂಗ್. ಅವನು ತನ್ನ ಮೈಬಲವನ್ನಷ್ಟೇ ನಂಬಿರಲಿಲ್ಲ. ಮಂಜಿನಲ್ಲಿ ಹೂತಿದ್ದ ಒಂದು ಕಲ್ಲಿನ ಹಿಂದೆ ಐಸ್ ಆಕ್ಸನ್ನು, ಅಂದರೆ ಮರದ ಹಿಡಿಯ ಹಿಮಗೊಡಲಿಯನ್ನು, ಬಲವಾಗಿ ಊರಿ, ಹಗ್ಗ ಅದನ್ನು ಬಳಸಿ ತನ್ನ ಸೊಂಟಕ್ಕೆ ಬರುವ ಹಾಗೆ ಮಾಡಿಕೊಂಡಿದ್ದ.

ಅಷ್ಟರಲ್ಲಿ ಜಾರ್ಜ್ ಬೆಲ್ ಜಾರಿದ. ಅವನ ಜೊತೆ ಕಟ್ಟಿಕೊಂಡಿದ್ದ ಸ್ಟ್ರೀದರ್ ಹೋದ. ಅವರ ಹಗ್ಗ ಹ್ಯೂಸ್ಟನ್, ಬೇಟ್ಸ್ ಜೋಡಿಯ ಹಗ್ಗಕ್ಕೆ ಸಿಕ್ಕಿ ಅವರೂ ಹೋದರು, ಆಮೇಲೆ ಮೊಲೆನಾರ್. ಹಗ್ಗಗಳು ತೊಡರಿಕೊಂಡು, ಗಿಲ್ಕಿಯೂ ಸೇರಿ ಆರು ಜನರ ಭಾರ ಒಬ್ಬನ ಮೇಲೆ! ನೈಲಾನ್ ಹಗ್ಗ ಹಿಗ್ಗಿ ಸಣ್ಣಗಾಯಿತು. ಕೊಡಲಿ ಅಲುಗಲಿಲ್ಲ. ಆರೂ ಜನ ನಿಂತರು. ಅವನು ಕೊಡಲಿ ಊರಿದ್ದು ಒಬ್ಬನ ಭಾರಕ್ಕೆ. ನಮ್ಮ ಯಾವ ಪೇಪರಿನಲ್ಲೂ ಇಷ್ಟು ದೊಡ್ಡ ಫ್ಯಾಕ್ಟರ್ ಆಫ್ ಸೇಫ್ಟಿ ಬಂದಿಲ್ಲ. ಮೈಬಲ ಮಾತ್ರ ಇದ್ದಿದ್ದರೆ ಏಳನೆಯವನಾಗಿ ಅವನೂ ಹೋಗುತ್ತಿದ್ದ.

ಆದರೆ ಕಥೆ ಇಲ್ಲಿಗೇ ಮುಗಿಯಲ್ಲ. ಗಾಯಗೊಂಡವರಿಗೆ ಟೆಂಟ್ ಹಾಕುವವರೆಗೆ ಗಿಲ್ಕಿಯನ್ನು ಇಳಿಜಾರಿನಲ್ಲೇ ಹಿಮಗೊಡಲಿಗಳಿಗೆ ಕಟ್ಟಿ ನಿಲ್ಲಿಸಿದ್ದರು. ಆಮೇಲೆ ಕರೆತರಲು ಹೋದರೆ ಅವನೂ ಇಲ್ಲ, ಕೊಡಲಿಗಳೂ ಇಲ್ಲ. ಹಿಮಪಾತ ಹೊತ್ತೊಯ್ದಿತು ಅಂತ ಕೆಲವರು. ಗೆಳೆಯರು ಉಳಿಯಲಿ ಅಂತ ತಾನೇ ಬಿಡಿಸಿಕೊಂಡ ಅಂತ ಕೆಲವರು. ಉಳಿದ ಏಳು ಜನ ಜೀವಂತವಾಗಿ ಇಳಿದರು.

ಶೋನಿಂಗ್ ಹತ್ತೋದು ಬಿಡಲಿಲ್ಲ. 1958ರಲ್ಲಿ ಆಂಡಿ ಕಾಫ್‌ಮನ್ ಜೊತೆ 8080 ಮೀಟರಿನ ಗಾಶರ್‌ಬ್ರಮ್-1ರ ತುದಿ ಮುಟ್ಟಿದ. ಅವರಿಗಿಂತ ಮೊದಲು ಅಲ್ಲಿಗೆ ಯಾರೂ ಹೋಗಿರಲಿಲ್ಲ. 1966ರಲ್ಲಿ ಅಂಟಾರ್ಕ್ಟಿಕಾದ ವಿನ್ಸನ್ ಶಿಖರವನ್ನು ಮೊದಲು ಹತ್ತಿದವರಲ್ಲೂ ಇದ್ದ. ಕೆ2ರ ವಿಷಯ ಬಂದರೆ ಮಾತ್ರ ಮಾತು ಕಡಿಮೆ. 2004ರಲ್ಲಿ ತೀರಿಕೊಂಡ. ಆ ಕೊಡಲಿ ಕೊಲರಾಡೊದ ಗೋಲ್ಡನ್ ಊರಿನ ಪರ್ವತಾರೋಹಣ ಮ್ಯೂಸಿಯಂನಲ್ಲಿದೆ.