ರೆಡ್ ಹೋಲ್ಜ್‌ಮನ್: 613 ಗೆಲುವುಗಳು ಯಾರವು?

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಹಿಂದಿನ ಆಟಗಾರರ ಸಂಖ್ಯೆಗಳನ್ನು ಮೇಲೆ ತೂಗುಹಾಕಿದ್ದಾರೆ. ಅವುಗಳ ನಡುವೆ 613 ಎಂಬ ಅಂಕಿಯೂ ಇದೆ. ಅದು ಆಟಗಾರನ ಅಂಗಿಯ ಸಂಖ್ಯೆಯಲ್ಲ. ರೆಡ್ ಹೋಲ್ಜ್‌ಮನ್ ಅವರು ತರಬೇತುದಾರರಾಗಿ ಆ ತಂಡಕ್ಕೆ ತಂದುಕೊಟ್ಟ ಗೆಲುವುಗಳ ಮೊತ್ತ. ತಂದುಕೊಟ್ಟ ಎನ್ನುವಾಗಲೇ ನನ್ನೊಳಗಿನ ವೈದ್ಯ ತಡೆದು ನಿಲ್ಲುತ್ತಾನೆ. ತಾನಾಗಿಯೇ ಇಳಿಯಲಿದ್ದ ಎಷ್ಟೋ ಜ್ವರಗಳಿಗಾಗಿ ನಾನೂ ರೋಗಿಗಳ ಕೃತಜ್ಞತೆಯನ್ನು ಸ್ವೀಕರಿಸಿದ್ದೇನೆ. ಹೋಲ್ಜ್‌ಮನ್ ಅವರ ಬದುಕು ನನ್ನನ್ನು ಸೆಳೆದದ್ದು ಈ ಕಾರಣಕ್ಕೆ: ಮದ್ದಿನ ಗುಣವೆಷ್ಟು, ದೇಹದ ಬಲವೆಷ್ಟು ಎಂಬ ಪರೀಕ್ಷೆ ಅವರ ವೃತ್ತಿಜೀವನದಲ್ಲಿ ಮತ್ತೆ ಮತ್ತೆ ನಡೆಯಿತು.

ವಲಸೆ ಬಂದ ಯೆಹೂದಿ ಕುಟುಂಬದಲ್ಲಿ 1920ರ ಆಗಸ್ಟ್ 10ರಂದು ಅವರು ನ್ಯೂಯಾರ್ಕಿನಲ್ಲಿ ಜನಿಸಿದರು. ಹೆಸರು ವಿಲಿಯಂ, ಕೆಂಗೂದಲಿನಿಂದಾಗಿ ರೆಡ್ ಎಂಬ ಹೆಸರೇ ನಿಂತಿತು. ಸಿಟಿ ಕಾಲೇಜಿನಲ್ಲಿ ಆಡಿ, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದು, 1951ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದ ರಾಚೆಸ್ಟರ್ ರಾಯಲ್ಸ್ ತಂಡದಲ್ಲಿ ಆಟಗಾರರಾಗಿದ್ದರು.

ಆಮೇಲೆ ಹಾಕ್ಸ್ ತಂಡದ ತರಬೇತುದಾರರಾದರು. 1956–57ರ ಋತುವಿನ ನಡುವೆ, 14 ಪಂದ್ಯ ಗೆದ್ದು 19 ಸೋತಿದ್ದಾಗ, ಅವರನ್ನು ತೆಗೆದುಹಾಕಲಾಯಿತು. ಅದೇ ತಂಡ ಅದೇ ಋತುವಿನಲ್ಲಿ ಅಂತಿಮ ಸುತ್ತನ್ನು ತಲುಪಿತು. ಮರುವರ್ಷ, ಅಲೆಕ್ಸ್ ಹ್ಯಾನಮ್ ಅವರ ಕೈಯಲ್ಲಿ, ಪ್ರಶಸ್ತಿಯನ್ನೇ ಗೆದ್ದಿತು. ಈ ಅಧ್ಯಾಯವಷ್ಟನ್ನೇ ಓದಿದವರು ಹೋಲ್ಜ್‌ಮನ್ ಅವರನ್ನು ಅಸಮರ್ಥರೆಂದೇ ಬಗೆದಾರು.

ಮುಂದಿನ ಹತ್ತು ವರ್ಷ ಅವರು ನಿಕ್ಸ್ ತಂಡಕ್ಕಾಗಿ ಊರೂರು ಸುತ್ತಿ ಎಳೆಯ ಆಟಗಾರರನ್ನು ಹುಡುಕಿದರು. 1967ರ ಡಿಸೆಂಬರಿನಲ್ಲಿ, ತಂಡ 15 ಗೆದ್ದು 22 ಸೋತಿದ್ದಾಗ, ತರಬೇತುದಾರ ಡಿಕ್ ಮೆಗ್ವಾಯರ್ ಅವರೂ ಹೋಲ್ಜ್‌ಮನ್ ಅವರೂ ಪರಸ್ಪರ ಹುದ್ದೆ ಬದಲಿಸಿಕೊಂಡರು. ಉಳಿದ 45 ಪಂದ್ಯಗಳಲ್ಲಿ 28 ಗೆಲುವು! ಅಭ್ಯಾಸದಲ್ಲಿ ರಕ್ಷಣೆಗೇ ಮೊದಲ ಸ್ಥಾನ. ಎಲ್ಲರ ಕಣ್ಣೂ ಚೆಂಡಿನ ಮೇಲೆ. ಚೆಂಡು ಮಾತ್ರ ಎದುರಾಳಿಯ ಕಾವಲಿಲ್ಲದವನ ಕೈಗೆ. ದಾಳಿಯ ವಿಷಯದಲ್ಲಿ ಆಟಗಾರರ ಸಲಹೆಗೇ ಅವರು ಕಿವಿಗೊಡುತ್ತಿದ್ದರು. ಮದ್ದು ಫಲಿಸಿತೆನ್ನೋಣವೇ? ಆದರೆ ಬಿಲ್ ಬ್ರ್ಯಾಡ್ಲಿ ತಂಡವನ್ನು ಸೇರಿದ್ದೂ ಅದೇ ಡಿಸೆಂಬರಿನಲ್ಲಿ. ಆಗಷ್ಟೇ ಬಂದಿದ್ದ ವಾಲ್ಟ್ ಫ್ರೇಜಿಯರ್ ಪಳಗುತ್ತಿದ್ದರು. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟ ವೈದ್ಯನ ಗೊಂದಲವಿದು.

ಮರುವರ್ಷದ ಡಿಸೆಂಬರ್ ಇನ್ನೂ ಸ್ಪಷ್ಟವಾದ ಸಾಕ್ಷ್ಯ ನುಡಿಯುತ್ತದೆ. ತರಬೇತುದಾರರು ಅವರೇ, ಅಂಕಿಗಳು 18–17. ಡೆಟ್ರಾಯಿಟ್‌ನಿಂದ ಡೇವ್ ಡಿಬುಷರ್ ಬಂದರು. ವಾಲ್ಟ್ ಬೆಲಮಿ ಹೋದದ್ದರಿಂದ ವಿಲ್ಲಿಸ್ ರೀಡ್ ತಮಗೊಪ್ಪುವ ಸೆಂಟರ್ ಸ್ಥಾನಕ್ಕೆ ಮರಳಿದರು. ಉಳಿದ 47 ಪಂದ್ಯಗಳಲ್ಲಿ 36 ಗೆಲುವು. ಒಬ್ಬ ಸರಿಯಾದ ಆಟಗಾರ ತರಬೇತುದಾರನಿಗಿಂತ ಹೆಚ್ಚು ತೂಗುತ್ತಾನೆಂದೇ ನನ್ನ ಎಣಿಕೆ. ಆದರೂ ಐವರು ಸಮರ್ಥರು ಚೆಂಡನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುವಂತೆ ಮಾಡುವುದು ತಾನಾಗಿ ಇಳಿಯುವ ಜ್ವರದಂಥದ್ದಲ್ಲ.

ಆ ತಂಡ 1970ರಲ್ಲಿ ತನ್ನ ಮೊದಲ ಎನ್‌ಬಿಎ ಪ್ರಶಸ್ತಿಯನ್ನು ಗೆದ್ದಿತು. ಲೇಕರ್ಸ್ ವಿರುದ್ಧದ ಏಳನೆಯ ಪಂದ್ಯಕ್ಕೆ ರೀಡ್ ತೊಡೆಗೆ ನೋವು ಮರೆಸುವ ಚುಚ್ಚುಮದ್ದು ತೆಗೆದುಕೊಂಡು ಕುಂಟುತ್ತಲೇ ಬಂದರು. ಗಾಯಗೊಂಡ ಸ್ನಾಯುವನ್ನು ಮರಗಟ್ಟಿಸಿ ಆಡಿಸುವುದನ್ನು ವೈದ್ಯನಾಗಿ ನಾನು ಒಪ್ಪಲಾರೆ. ರೀಡ್ ಗಳಿಸಿದ್ದು 4 ಅಂಕ, ಫ್ರೇಜಿಯರ್ 36. 1973ರಲ್ಲಿ ಮತ್ತೊಮ್ಮೆ ಪ್ರಶಸ್ತಿ ಬಂತು.

1977ರಲ್ಲಿ ಹುದ್ದೆ ಬಿಟ್ಟ ಅವರನ್ನು ಮರುವರ್ಷವೇ ಪುನಃ ಕರೆತಂದರು. ಅದೇ ಮನುಷ್ಯ, ಅದೇ ರಕ್ಷಣೆಯ ಪಾಠ. ಆಟಗಾರರು ಮಾತ್ರ ಬೇರೆ. 1980–81ರಲ್ಲಿ 50 ಪಂದ್ಯ ಗೆದ್ದ ತಂಡ ಮರುವರ್ಷ ಗೆದ್ದದ್ದು 33. ಅಲ್ಲಿಗೆ ಅವರ ತರಬೇತಿ ಮುಗಿಯಿತು. ನಿಕ್ಸ್ ಲೆಕ್ಕದಲ್ಲಿ 613 ಗೆಲುವುಗಳ ಪಕ್ಕ 484 ಸೋಲುಗಳೂ ಇವೆ. ಪತಾಕೆಯ ಮೇಲೆ ಅವಿಲ್ಲ.

ಅವರ ಕೈಕೆಳಗೆ ಆಡಿದ ಫಿಲ್ ಜಾಕ್ಸನ್ 1998ರ ಜೂನ್‌ನಲ್ಲಿ ಚಿಕಾಗೊ ತಂಡದ ತರಬೇತುದಾರರಾಗಿ ಆರನೆಯ ಪ್ರಶಸ್ತಿ ಗೆದ್ದರು. ಅದೇ ವರ್ಷ ಪತ್ನಿ ಸೆಲ್ಮಾ ತೀರಿಕೊಂಡರು. ಕೆಲವೇ ತಿಂಗಳುಗಳಲ್ಲಿ, ನವೆಂಬರ್ 13ರಂದು, ರಕ್ತದ ಕ್ಯಾನ್ಸರಿನಿಂದ ಹೋಲ್ಜ್‌ಮನ್ ನಿಧನರಾದರು. ಅವರಿಗೆ 78 ವರ್ಷವಾಗಿತ್ತು.