ಮನಸ್ಸಿನ ನೋವನ್ನು ಬರೆದ ಮಂಡ್ಯದ ತ್ರಿವೇಣಿ

ಮಂಡ್ಯ ಎಂದರೆ ಎಲ್ಲರಿಗೂ ಕಬ್ಬು, ಬೆಲ್ಲ, ಮೈಶುಗರ್ ಕಾರ್ಖಾನೆ ನೆನಪಾಗುತ್ತದೆ. ಮದ್ದೂರು ಎಂದರೆ ವಡೆ. ಆದರೆ ಕನ್ನಡದಲ್ಲಿ ಮನಸ್ಸಿನ ಕಾಯಿಲೆಯ ಬಗ್ಗೆ ಧೈರ್ಯವಾಗಿ ಬರೆದ ಲೇಖಕಿ ಹುಟ್ಟಿದ್ದೂ ಮಂಡ್ಯದಲ್ಲೇ ಎಂಬುದು ನನಗೆ ಈ ವರ್ಷ ತಿಳಿಯಿತು. ಅವರೇ ತ್ರಿವೇಣಿ.

ತ್ರಿವೇಣಿಯವರ ನಿಜವಾದ ಹೆಸರು ಅನಸೂಯಾ ಶಂಕರ್. ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ಕವಿ ಬಿ.ಎಂ.ಶ್ರೀ. ಅವರಿಗೆ ದೊಡ್ಡಪ್ಪ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಪದವಿ ಪಡೆದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಮೈಸೂರಿನಲ್ಲೇ ನೆಲೆಸಿದರು. ಬರೆದದ್ದು ಸುಮಾರು ಹತ್ತು ವರ್ಷ ಮಾತ್ರ. ಅಷ್ಟರಲ್ಲೇ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಹಲವು ಕಥೆಗಳನ್ನೂ ಕೊಟ್ಟರು.

ತಾವು ಓದಿದ ಮನಶ್ಶಾಸ್ತ್ರವನ್ನು ಅವರು ಅಡುಗೆಮನೆ, ನಡುಮನೆಗಳ ಕಥೆಯಾಗಿ ಮಾಡಿದರು. ಭಯ, ಅನುಮಾನ, ಒಂಟಿತನ ಹೇಗೆ ಒಬ್ಬರನ್ನು ಒಳಗೊಳಗೇ ಕೊರೆಯುತ್ತವೆ ಎಂದು ತೋರಿಸಿದರು. 'ಶರಪಂಜರ'ದ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಸುತ್ತಲಿನವರು ಅವಳು ನಕ್ಕರೂ ಅತ್ತರೂ ಅನುಮಾನದಿಂದಲೇ ನೋಡುತ್ತಾರೆ. ಕಾಯಿಲೆಗೆ ಔಷಧಿ ಸಿಕ್ಕಿತು, ಜನರ ನೋಟಕ್ಕೆ ಸಿಗಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಖಾಲಾ ನೆನಪಾದರು. ಖಾಲಾ ಎಂದರೆ ಅಮ್ಮನ ತಂಗಿ. ಹೆರಿಗೆಯಾದ ಮೇಲೆ ಅವರು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಅಳುತ್ತಿದ್ದರು. ಕೆಲವರು ನಜರ್ ಆಗಿದೆ ಎಂದರು. ನಾನಾ ಮಾತ್ರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಖಾಲಾ ಚೆನ್ನಾಗಿಯೇ ಗುಣವಾದರು. ಆದರೂ ಮಗುವನ್ನು ಅವರ ಕೈಗೆ ಕೊಡಲು ಮನೆಯವರು ತುಂಬ ದಿನ ಹಿಂಜರಿದರು. ಅವರ ಪಕ್ಕ ಕೂರಲು ನನಗೂ ಹೆದರಿಕೆ ಇತ್ತು. ಪುಸ್ತಕ ಮುಗಿಸಿದಾಗ ನನಗೆ ನಾಚಿಕೆಯಾಯಿತು.

ತ್ರಿವೇಣಿ 1963ರ ಜುಲೈ 29ರಂದು, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 34 ವರ್ಷ. ಬಾಣಂತಿಯ ಸಂಕಟವನ್ನು ಬರೆದವರು ಬಾಣಂತನದಲ್ಲೇ ಹೋದರು. ಪುಟ್ಟಣ್ಣ ಕಣಗಾಲ್ ಅವರ ಕಾದಂಬರಿಗಳಿಂದ 'ಬೆಳ್ಳಿಮೋಡ' (1967), 'ಶರಪಂಜರ' (1971) ಸಿನಿಮಾಗಳನ್ನು ಮಾಡಿದರು. ಅವನ್ನು ನೋಡಲು ತ್ರಿವೇಣಿ ಇರಲಿಲ್ಲ. ಕಾವೇರಿಯಾಗಿ ನಟಿಸಿದ ಕಲ್ಪನಾ ಅವರನ್ನು ನಮ್ಮ ಅಜ್ಜಿಯರು ಇಂದಿಗೂ ಮರೆತಿಲ್ಲ.

ಸ್ನೇಹಿತರೇ, ಜ್ವರ ಬಂದರೆ ಹೇಳಿಕೊಳ್ಳುತ್ತೇವೆ, ಮನಸ್ಸು ಸರಿಯಿಲ್ಲದಿದ್ದರೆ ಮುಚ್ಚಿಡುತ್ತೇವೆ. ಈಗ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಣವಿಲ್ಲದೆ ಕರೆ ಮಾಡಿ ಮಾತಾಡಬಹುದು. ಪರೀಕ್ಷೆಯ ಭಯ ಇದ್ದರೂ ಮಾಡಬಹುದು. ಗುಣವಾಗಿ ಬಂದವರನ್ನು ಮೊದಲಿನಂತೆಯೇ ನೋಡುವುದು ಮಾತ್ರ ನಮ್ಮ ಕೆಲಸ.

ಕಳೆದ ಭಾನುವಾರ ಖಾಲಾ ಮನೆಗೆ ಹೋಗಿ ಅವರ ಪಕ್ಕದಲ್ಲೇ ಕುಳಿತು ಚಹಾ ಕುಡಿದೆ. ಮಗು ಅವರ ಮಡಿಲಲ್ಲೇ ನಿದ್ದೆ ಮಾಡುತ್ತಿತ್ತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ